ಕೇಳದೆ ತೆರೆದ ಫೈಲು

ರಜಿಯಾ, ನಿನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಸಂಘದ ಕಂಪ್ಯೂಟರಿನಿಂದ ಸೀರೆಯ ದಡಿಗಳ, ಅಂಚಿನ ನಮೂನೆಗಳ ಫೈಲು ಅಳಿಸಿಹೋದದ್ದು ನಿನ್ನಿಂದಲ್ಲ, ನನ್ನಿಂದ. ಅಳಿಸಿಹೋದ ಮೇಲೆ ಗುರುತು ಸಿಗದ ಹಾಗೆ ಮಾಡಿದವಳೂ ನಾನೇ. ಆಮೇಲೆ ನೀನು ನನ್ನನ್ನೇ ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಇದನ್ನು ಮೊದಲಿಗೇ ಬರೆದುಬಿಡಬೇಕು ಅಂತ ಕೂತಿದ್ದೇನೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ — ಸುತ್ತಿ ಬಳಸಿ ಹೊರಟರೆ ನಡುವೆ ಎಲ್ಲಾದರೂ ಒಂದು ಸಂದಿ ನೋಡಿಕೊಂಡು ತಪ್ಪಿಸಿಕೊಂಡುಬಿಡುತ್ತೇನೆ.

ಹೋದ ತಿಂಗಳು ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನೀನು ನನ್ನನ್ನು ದೂರದಿಂದಲೇ ಗುರುತು ಹಿಡಿದೆ. ಓಡಿ ಬಂದು ಎರಡೂ ಕೈ ಹಿಡಿದುಕೊಂಡೆ. ಮಂಡಕ್ಕಿ, ಮಿರ್ಚಿ ಭಜಿ ತರಿಸಿದೆ, ನನಗೆ ಖಾರ ಆಗುವುದಿಲ್ಲ ಅನ್ನುವುದು ನೆನಪಿಟ್ಟುಕೊಂಡು ಮಿರ್ಚಿಯೊಳಗಿನ ಬೀಜ ನೀನೇ ತೆಗೆದುಕೊಟ್ಟೆ. ಶಿರಹಟ್ಟಿಯ ಶಾಲೆಯಲ್ಲಿ ಗಣಿತ ಕಲಿಸುತ್ತೀ ಅಂತ ಹೇಳಿದೆ. ಶಾಲೆಗೆ ಹೊಸ ಕಂಪ್ಯೂಟರುಗಳು ಬಂದಿವೆ, ಹೆಡ್‌ಮಿಸ್ಟ್ರೆಸ್ ದೊಡ್ಡ ಬಾಯಾರು ಅವುಗಳ ಜವಾಬ್ದಾರಿ ನಿನಗೇ ವಹಿಸಬೇಕು ಅಂತ ಹಟ ಹಿಡಿದಿದ್ದಾರೆ, ನೀನು ಒಲ್ಲೆ ಅಂದಿದ್ದೀ ಅಂತಲೂ ಹೇಳಿದೆ. ಯಾಕೆ ಒಲ್ಲೆ ಅಂತ ನಾನು — ನಾನೇ ನೋಡು, ಬೇರೆ ಯಾರೂ ಅಲ್ಲ — ಕೇಳಿದೆ.

"ಬ್ಯಾಡ್ರಿ ಅಕ್ಕಾರ. ನನ್ನ ಕೈ ಸರಿ ಇಲ್ಲ," ಅಂದೆ ನೀನು. "ಒಮ್ಮೆ ಮಂದಿ ಕೆಲಸಾ ಕೆಡಿಸೇನಿ. ಎಲ್ಲಿ ತಪ್ಪಿದೆ ಅನ್ನೂದು ಇವತ್ತಿಗೂ ತಿಳಿದಿಲ್ಲ. ಮಕ್ಕಳ ಮುಂದ ಹೆಂಗ ಕುಂಡ್ರಲಿ?"

ನನ್ನ ಬಾಯಿಯಲ್ಲಿ ಮಿರ್ಚಿ ಇತ್ತು. ಅಗಿಯಲಿಲ್ಲ, ನುಂಗಲಿಲ್ಲ. ಅಷ್ಟರಲ್ಲಿ ಗದಗಿನ ಬಸ್ಸು ಬಂತು, ನಾನು ಎದ್ದು ಹತ್ತಿದೆ. ಕಿಟಕಿಯ ಹೊರಗೆ ನಿಂತು ನೀನು ಕೈ ಬೀಸಿದೆ. ನಾನೂ ಬೀಸಿದೆ. ಛೀ, ಏನು ಹೆಂಗಸು ನಾನು. ಹೇಳುವುದಕ್ಕೆ ಅಲ್ಲಿ ಜಾಗವಿತ್ತು, ಹೊತ್ತಿತ್ತು, ಎದುರಿಗೆ ನೀನಿದ್ದೆ.

ಇದನ್ನು ನಿನ್ನ ಹೊರತು ಬೇರೆಯವರೂ ಓದಲಿ ಅನ್ನುವುದು ನನ್ನ ಇಚ್ಛೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಬೆಟಗೇರಿಯ ನಮ್ಮ ನೇಕಾರರ ಸಂಘಕ್ಕೆ ನೀನು ಬಂದಾಗ ಗದಗ ಹೊಸ ಜಿಲ್ಲೆ ಅನ್ನುವ ಮಾತು ಇನ್ನೂ ಹಳತಾಗಿರಲಿಲ್ಲ. ಧಾರವಾಡಕ್ಕೆ ಹೋಗಿ ಮಾಡಿಸಬೇಕಾಗಿದ್ದ ಕೆಲಸವೆಲ್ಲ ಇಲ್ಲೇ ಆಗತೊಡಗಿ, ಕಂಡಕಂಡಲ್ಲಿ ಕಚೇರಿಗಳು, ಕಚೇರಿಗಳ ಹಿಂದೆ ಕಂಪ್ಯೂಟರ್ ಕ್ಲಾಸುಗಳು ಎದ್ದಿದ್ದವು. ಸಂಘಕ್ಕೂ ಒಂದು ಕಂಪ್ಯೂಟರ್ ಬಂತು. ಬಂದದ್ದೇನೋ ಬಂತು, ಅದರ ಮುಂದೆ ಕೂರುವವರು ಯಾರು? ನಾನು ಶಾಂತಾ, ನೇಕಾರರ ಮನೆಯ ಸೊಸೆ, ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು. ಮೆಟ್ರಿಕ್ ಪಾಸಾಗಿದ್ದೇನೆ ಅಂತ ಸಂಘದಲ್ಲಿ ನೂಲು ಹಂಚುವ ಕೆಲಸಕ್ಕೆ ಕೂರಿಸಿದ್ದರು. ಕಂಪ್ಯೂಟರಿಗೆ ಅರಿಷಿಣ ಕುಂಕುಮ ಹಚ್ಚುವುದು ಬಿಟ್ಟರೆ ನನಗೆ ಮತ್ತೇನೂ ಗೊತ್ತಿರಲಿಲ್ಲ. ಆಗ ನೀನು ಬಂದೆ. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವವರ ಮಗಳು, ಹೆಗಲಿಗೊಂದು ಚೀಲ, ಚೀಲದೊಳಗೆ ಊಟದ ಡಬ್ಬಿ, ಬಾಯಿತುಂಬ ನಗು.

ನಿನ್ನನ್ನು ನೋಡಿದರೆ ನನಗೆ ಮೊದಲು ಸಿಟ್ಟೇ ಬಂತು, ಖರೆ ಹೇಳುತ್ತೇನೆ. ನನಗಿಂತ ಸಣ್ಣವಳು, ಮಗ್ಗದ ಮುಂದೆ ಒಂದು ದಿನ ಕೂತವಳಲ್ಲ, ಇವಳು ನಮಗೆ ಏನು ಹೇಳುತ್ತಾಳೆ ಅಂದುಕೊಂಡೆ. ನೀನು ಏನೂ ಹೇಳಲಿಲ್ಲ, ಕೇಳಿದೆ. ಬಂದ ದಿನವೇ ಹಿಂದಿನ ಮಗ್ಗದ ಶೆಡ್ಡಿಗೆ ಹೋಗಿ, ನೇಯುವವರು ಕಾಲಿಳಿಸುವ ಕುಣಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಈ ಎಳೆ ಯಾಕೆ ಮೇಲೆ ಬಂತು, ಅದು ಯಾಕೆ ಕೆಳಗೆ ಹೋಯಿತು, ಈ ದಡಿಗೆ ಹೆಸರೇನು, ಯಾರಿಟ್ಟರು? ಸಂಘದ ಅಧ್ಯಕ್ಷರು ಕಾಳಪ್ಪ ಕಾಕಾ, ತಾವೂ ನೇಯುವವರೇ, ಯಾರಿಗೂ ಎರಡು ಮಾತು ಹೆಚ್ಚು ಕೊಡದ ಮನುಷ್ಯ. ಅವರು ಅವತ್ತು ಮಧ್ಯಾಹ್ನದ ಊಟ ಮರೆತು ನಿನಗೆ ಹೇಳುತ್ತ ಕೂತಿದ್ದರು.

ನೂಲಿನ ಲೆಕ್ಕ ಇಡಲಿಕ್ಕೆ ನಿನ್ನನ್ನು ಕರೆಸಿದ್ದರು. ಅದನ್ನು ನೀನು ಬೇಗನೇ ಮುಗಿಸಿಬಿಟ್ಟೆ. ಆಮೇಲೆ ಯಾರೂ ಹೇಳದ ಕೆಲಸ ಒಂದನ್ನು ಮೈಮೇಲೆ ಹಾಕಿಕೊಂಡೆ. ಹಳೆಯ ಸೀರೆಗಳ ದಡಿಗಳನ್ನೆಲ್ಲ ಎಳೆ ಎಳೆಯಾಗಿ ಕಂಪ್ಯೂಟರಿನಲ್ಲಿ ಇಡುವುದು. ಯಾವ ಬಣ್ಣದ ಪಕ್ಕ ಯಾವ ಬಣ್ಣ, ಯಾವ ಎಳೆ ಯಾವಾಗ ಏಳಬೇಕು — ಅದನ್ನು ತುಂಬಿದರೆ ಪರದೆಯ ಮೇಲೆ ಸಣ್ಣ ಸಣ್ಣ ಬಣ್ಣದ ಚೌಕಗಳಲ್ಲಿ ದಡಿ ತಾನಾಗಿ ಮೂಡುತ್ತಿತ್ತು. ಇದಕ್ಕೆ ನೀನು ಬಳಸಿದ್ದು ಆಕ್ಸೆಸ್ ಅನ್ನುವ ಡೇಟಾಬೇಸು, ಅದರೊಳಗೆ ನೀನೇ ಬರೆದ ಮ್ಯಾಕ್ರೋಗಳು. ಮ್ಯಾಕ್ರೋ ಅಂದರೆ ಏನು ಅಂತ ನಾನು ಕೇಳಿದಾಗ, ಒಮ್ಮೆ ಕಲಿಸಿಟ್ಟರೆ ಹೇಳದೆಯೇ ತನ್ನಷ್ಟಕ್ಕೆ ತಾನು ಮಾಡುವ ಕೆಲಸ ಅಂತ ನೀನು ಅಂದಿದ್ದೆ. ಅಂಥ ಸೊಸೆಯೇ ನಮ್ಮ ಅತ್ತೆಗೆ ಬೇಕಾಗಿತ್ತು ಅಂತ ನಾನಂದೆ. ನೀನು ಮೇಜಿನ ಮೇಲೆ ತಲೆ ಇಟ್ಟು ನಕ್ಕೆ.

ಮುಳಗುಂದದ ಗೌರಮ್ಮಜ್ಜಿಯನ್ನು ನೆನೆಸಿಕೊ. ಗುಬ್ಬಿ ಹೆಜ್ಜೆಯ ದಡಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಮಗ್ಗ ಬಿಟ್ಟು ಎಷ್ಟೋ ಕಾಲ ಆಗಿತ್ತು, ಕಣ್ಣೂ ಮಂಜು. ಬಾಯಲ್ಲಿ ಹೇಳು ಅಂದರೆ ಬರುತ್ತಿರಲಿಲ್ಲ, ಅವಳ ಕೈಗೆ ಮಾತ್ರ ಗೊತ್ತಿತ್ತು. ನೀನು ಅವಳ ಎದುರಿಗೆ ಕೂತು ನಿನ್ನ ಬೆರಳುಗಳಿಗೆ ದಾರ ಬಿಗಿದುಕೊಂಡು, ಇದೇ ಮಗ್ಗ ಅಂದುಕೋ ಅಜ್ಜಿ, ನೇಯಿ ಅಂದೆ. ಅಜ್ಜಿ ನಿನ್ನ ಬೆರಳುಗಳ ಮೇಲೆಯೇ ಎಳೆ ಎತ್ತಿ ಇಳಿಸಿ ತೋರಿಸಿದಳು. ಆಮೇಲೆ ಅವಳನ್ನು ಬಸ್ಸು ಹತ್ತಿಸಿಕೊಂಡು ಬೆಟಗೇರಿಗೆ ಕರೆದುಕೊಂಡು ಬಂದು, ಪರದೆಯ ಮೇಲೆ ದಡಿ ತೋರಿಸಿದೆಯಲ್ಲ — ಅಜ್ಜಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, "ನನ್ನ ಗುಬ್ಬಿ ಟೀವಿಯೊಳಗ ಬಂದಾವಲೇ" ಅಂದು ನಿನ್ನ ಗಲ್ಲ ಸವರಿ ಲಟಿಕೆ ಮುರಿದಳು. ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತು ಅಂತ ಸುಳ್ಳು ಹೇಳಿದೆ. ನೋಡು, ಸುಳ್ಳು ಹೇಳುವುದು ನನಗೆ ಎಷ್ಟು ಸಲೀಸು.

ಕಲಿಸುವುದರಲ್ಲಿಯೂ ನಿನ್ನಂಥವರನ್ನು ನಾನು ಕಂಡಿಲ್ಲ. ನನಗೆ ಯಾರಾದರೂ ಒಂದೇ ಮಾತನ್ನು ಎರಡು ಸಲ ಕೇಳಿದರೆ ಮೈ ಉರಿಯುತ್ತದೆ. ಹೆಸರು ಮಾತ್ರ ಶಾಂತಾ, ಇಟ್ಟವರನ್ನು ಕರೆದುಕೊಂಡು ಬರ್ರಿ, ಕೇಳೂಣು ಅಂತ ನೀನು ಕಾಡುತ್ತಿದ್ದೆ. ಆದರೆ ನಾನು ಒಂದೇ ತಪ್ಪನ್ನು ಹತ್ತು ಸಲ ಮಾಡಿದರೂ ನಿನ್ನ ದನಿ ಒಂದು ಸಲವೂ ಏರಲಿಲ್ಲ. ಕಂಡಿಕೆ ಸುತ್ತುತ್ತಿದ್ದ ಈ ಕೈಗೆ ಮೌಸು ಹಿಡಿಸಿದವಳು ನೀನು. ಇವತ್ತು ಈ ಅಕ್ಷರಗಳನ್ನು ಒತ್ತುತ್ತಿರುವುದೂ ನೀನು ಕಲಿಸಿದ ಬೆರಳುಗಳಿಂದಲೇ.

ಈಗ ಆ ಎಚ್ಚರಿಕೆಯ ವಿಷಯ.

ಬೆಳಿಗ್ಗೆ ದಡಿಗಳ ಫೈಲು ತೆರೆಯಲು ಹೋದರೆ ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡುತ್ತಿತ್ತು. ಮೇಲೆ ಫೈಲಿನ ಹೆಸರು. ಕೆಳಗೆ ಇಂಗ್ಲಿಷಿನಲ್ಲಿ — ಇದರೊಳಗೆ ನಿಮ್ಮ ಕಂಪ್ಯೂಟರಿಗೆ ಹಾನಿ ಮಾಡುವ ಕೋಡ್ ಇದ್ದರೆ ಇದು ಅಪಾಯ, ತೆರೆಯಲೇ, ಬಿಡಲೇ ಅಂತ. ನಿನ್ನ ಫೈಲಿನಲ್ಲಿ ಮ್ಯಾಕ್ರೋಗಳಿದ್ದದ್ದರಿಂದ ಇದು ದಿನಾ ಬರುತ್ತಿತ್ತು. ನಾನು ಓದದೆ ಒತ್ತಿಬಿಡುತ್ತಿದ್ದೆ. ಒಂದು ದಿನ ನೀನು ನನ್ನ ಕೈ ಹಿಡಿದು ನಿಲ್ಲಿಸಿದೆ.

"ಅಕ್ಕಾರ, ಅದು ನಮ್ಮ ಮ್ಯಾಲ ಸಂಶಯ ಪಡೂದಿಲ್ಲ. ಯಾರದು ಅಂತ ಕೇಳತೈತಿ, ಅಷ್ಟ. ಹೆಸರು ನೋಡ್ರಿ, ನಮ್ಮದಾದರ ನಮ್ಮದು ಅನ್ರಿ, ಒಳಗ ಹೋಗ್ರಿ. ನಮ್ಮದಲ್ಲಂದ್ರ ಬಾಗಲಾ ಹಾಕ್ರಿ."

ಅದೇ ನಮ್ಮ ಕಚೇರಿಯ ರೂಢಿಯಾಯಿತು. ನಾನು ಕುರ್ಚಿಯಲ್ಲಿ ಕೂತು ಪೆಟ್ಟಿಗೆ ಮೂಡಿದ ಕೂಡಲೇ ನೀನು ಆ ಕಡೆಯಿಂದ "ಯಾರದು?" ಅಂತ ಕೂಗಬೇಕು. ನಾನು ಹೆಸರು ಓದಿ "ನಮ್ಮದ" ಅನ್ನಬೇಕು, ಆಮೇಲೆ ಒತ್ತಬೇಕು. ನೂಲಿಗೆ ಬಂದು ಬಾಗಿಲಲ್ಲಿ ನಿಂತವರೂ ಇದನ್ನು ಕಲಿತುಬಿಟ್ಟರು. ನೀನು ಕೇಳಿದರೆ ಅವರೂ ನನ್ನ ಜೊತೆ "ನಮ್ಮದವಾ, ನಮ್ಮದ" ಅನ್ನುತ್ತಿದ್ದರು. ಎಷ್ಟು ಚೆಂದ ಇತ್ತು ಅಲ್ಲವೇ — ಒಂದು ಯಂತ್ರದ ಕಿರಿಕಿರಿಯನ್ನು ನೀನು ಒಂದು ಓಣಿಯ ಆಟ ಮಾಡಿದ್ದೆ.

ಕಾಳಪ್ಪ ಕಾಕಾಗೆ ಮಾತ್ರ ಅದು ಸರಿಬರಲಿಲ್ಲ. ಪೆಟ್ಟಿಗೆಯೊಳಗೆ ಏನು ಬರೆದಿದೆ ಅಂತ ಒಮ್ಮೆ ಕೇಳಿದರು, ನೀನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಹಾನಿ ಅನ್ನುವ ಶಬ್ದ ಕೇಳಿ ಅವರ ಮುಖ ಸಣ್ಣದಾಯಿತು. ನಮ್ಮ ಓಣಿಯಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳನ್ನು, ಏರಿಸುವ ಮುಂಜಾನೆ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಎಳೆ ಹರಿದರೂ ಹರಿಯಿತು ಅನ್ನುವುದಿಲ್ಲ, ಎಳೆ ಕೂಡಿಸಬೇಕು ಅನ್ನುತ್ತೇವೆ. ದೀಪ ಆರಿದರೆ ಶಾಂತವಾಯಿತು ಅನ್ನುವ ಹಾಗೆ. ಕಚೇರಿಯ ಹಿಂದಿನ ಗೋಡೆಯ ಆಚೆಯೇ ಮಗ್ಗಗಳು. ಅಲ್ಲಿ ಹಾಸು ಏರುತ್ತಿರುವಾಗ ಇಲ್ಲಿ ಗಾಜಿನ ಪೆಟ್ಟಿಗೆ ಹಾನಿ, ಹಾನಿ ಅನ್ನುವುದು ಕಾಕಾಗೆ ಸಹಿಸಲಿಲ್ಲ. ತೆಗೆದುಹಾಕು ಅಂದರು. ನೀನು ಒಪ್ಪಲಿಲ್ಲ.

"ಕೇಳೂದು ಬ್ಯಾರೆ, ಶಾಪ ಹಾಕೂದು ಬ್ಯಾರೆ, ಕಾಕಾ," ಅಂದೆ. ಎದುರುತ್ತರ ಕೊಟ್ಟ ಹಾಗಿರಲಿಲ್ಲ. ಮಗಳು ಅಪ್ಪನಿಗೆ ಹೇಳಿದ ಹಾಗಿತ್ತು. ಕಾಕಾ ತಿರುಗಿ ಶೆಡ್ಡಿಗೆ ಹೊರಟರು. ಅವರನ್ನು ಒಂದೇ ಮಾತಿನಲ್ಲಿ ಸುಮ್ಮನಾಗಿಸಿದವರನ್ನು ನಾನು ಅದೇ ಮೊದಲು ನೋಡಿದೆ.

ಎಚ್ಚರಿಕೆ ಎಲ್ಲಿಂದ ಬರುತ್ತದೆ ಅಂತ ನೀನು ನನಗೆ ತೋರಿಸಿಕೊಟ್ಟಿದ್ದೆ. ಮ್ಯಾಕ್ರೋ ಭದ್ರತೆ ಅಂತ ಒಂದು ಜಾಗ, ಅದರಲ್ಲಿ ಮೇಲಿನದು, ನಡುವಿನದು, ಕೆಳಗಿನದು ಅಂತ ಆಯ್ಕೆಗಳು. ನಡುವಿನದರಲ್ಲಿ ಇಟ್ಟರೆ ಕೇಳಿ ತೆರೆಯುತ್ತದೆ. ಕೆಳಗಿನದಕ್ಕೆ ಇಳಿಸಿದರೆ ಕೇಳುವುದೇ ಇಲ್ಲ, ಯಾರ ಫೈಲು ಬಂದರೂ ಬಾಗಿಲು ತೆರೆದೇ ಇರುತ್ತದೆ, ಅದನ್ನು ಮುಟ್ಟಬೇಡಿ ಅಂದಿದ್ದೆ. ತಿಳಿಯದೆ ಮಾಡಿದೆ ಅಂತ ಹೇಳಲು ನನಗೆ ದಾರಿಯಿಲ್ಲ, ರಜಿಯಾ. ತಿಳಿದಿತ್ತು.

ಅಡರಕಟ್ಟಿಯಲ್ಲಿ ನಿನ್ನ ಅಕ್ಕನ ಮದುವೆ ಬಂತು. ನೀನು ರಜೆ ಹಾಕಿ ಹೋದೆ, ಕುರ್ಚಿ ನನ್ನದಾಯಿತು. ನೀನಿಲ್ಲದ ಒಂದು ಮುಂಜಾನೆ ಹಿಂದೆ ಹಾಸು ಏರಿಸುವುದಿತ್ತು. ಕಾಕಾ ಬಂದು ನನ್ನ ಬೆನ್ನ ಹಿಂದೆ ನಿಂತರು. ಇವತ್ತಾದರೂ ಆ ಮಾತು ಬೇಡ, ನಿನಗೆ ತೆಗೆಯಲು ಬರುತ್ತದೇನು ಅಂತ ಕೇಳಿದರು. ಬರುವುದಿಲ್ಲ ಅನ್ನಬಹುದಾಗಿತ್ತು. ರಜಿಯಾ ಬರಲಿ ಅನ್ನಬಹುದಾಗಿತ್ತು. ಆದರೆ ಅಷ್ಟು ದೊಡ್ಡ ಮನುಷ್ಯರು ನನ್ನನ್ನು, ನನ್ನೊಬ್ಬಳನ್ನು ಕೇಳುತ್ತಿದ್ದಾರೆ — ಹಿಗ್ಗಿಹೋದೆ. ಯಾಕೆ ಬರುವುದಿಲ್ಲ ಅಂದೆ. ಕೆಳಗಿನದಕ್ಕೆ ಇಳಿಸಿದೆ. ಫೈಲು ಏನೂ ಕೇಳದೆ ತೆರೆದುಕೊಂಡಿತು. ಕಾಕಾ, ಶ್ಯಾಣ್ಯಾಕಿ ಇದ್ದಿ ಬಿಡು ಅಂದು ಒಳಗೆ ಹೋದರು. ನೀನು ಬರುವ ಮೊದಲು ಮತ್ತೆ ನಡುವಿನದಕ್ಕೆ ಏರಿಸಿಟ್ಟರಾಯಿತು ಅಂದುಕೊಂಡೆ. ಹಾಗೇ ಬಿಟ್ಟೆ.

ಅದೇ ವಾರ ನನ್ನ ಮೈದುನ ಮುಂಡರಗಿಯಿಂದ ಒಂದು ಸಿ.ಡಿ. ತಂದ. ಹೆಸರು, ರಾಶಿ, ನಕ್ಷತ್ರ ಹಾಕಿದರೆ ಭವಿಷ್ಯ ಹೇಳುತ್ತದಂತೆ, ಅಲ್ಲಿ ಎಲ್ಲರೂ ನೋಡುತ್ತಿದ್ದಾರೆ ಅಂದ. ಮಧ್ಯಾಹ್ನ ಕಚೇರಿಯಲ್ಲಿ ಯಾರೂ ಇರಲಿಲ್ಲ. ದಡಿಗಳ ಫೈಲು ಮುಚ್ಚಿ, ಸಿ.ಡಿ. ಹಾಕಿ ನೋಡಿದರೆ ಅದೂ ನಿನ್ನ ಫೈಲಿನಂಥದೇ ಡೇಟಾಬೇಸು. ಒತ್ತಿದೆ. ಯಾರದು ಅಂತ ಕೇಳಬೇಕಾಗಿದ್ದ ಪೆಟ್ಟಿಗೆ ಬರಲಿಲ್ಲ, ಯಾಕೆಂದರೆ ಅದರ ಬಾಯಿ ಮುಚ್ಚಿಸಿದವಳು ನಾನೇ ಆಗಿದ್ದೆ. ಯಾರದು ಅಂತ ಕೂಗಬೇಕಾಗಿದ್ದ ನೀನು ಅಡರಕಟ್ಟಿಯಲ್ಲಿ ಅಕ್ಕನ ಕೈಗೆ ಮೆಹಂದಿ ಹಚ್ಚುತ್ತಿದ್ದೆ. ಪರದೆ ಬಿಳಿಯಾಗಿ ಸ್ವಲ್ಪ ಹೊತ್ತು ನಿಂತಿತು. ಭವಿಷ್ಯ ಏನೂ ಬರಲಿಲ್ಲ. ತಾನಾಗಿ ಮುಚ್ಚಿಕೊಂಡಿತು. ಮೈದುನನಿಗೆ ಮನಸ್ಸಿನಲ್ಲೇ ಬೈದು, ನಿನ್ನ ಫೈಲು ತೆರೆಯಲು ಹೋದೆ. ಇರಲಿಲ್ಲ. ನೀನು ಇನ್ನೊಂದು ಕಡೆ ಇಟ್ಟಿದ್ದ ನಕಲುಗಳ ಜಾಗಕ್ಕೆ ನಾನು ಹೋದೆ. ಅಲ್ಲಿಯೂ ಖಾಲಿ. ಯಾವನೋ ಕಿಡಿಗೇಡಿ ಆ ಭವಿಷ್ಯದ ಫೈಲಿನೊಳಗೆ, ಇಂಥ ಫೈಲು ಎಲ್ಲಿ ಕಂಡರೂ ಅಳಿಸು ಅಂತ ಮ್ಯಾಕ್ರೋ ಬರೆದಿಟ್ಟಿದ್ದ. ಹೇಳದೆಯೇ ತನ್ನಷ್ಟಕ್ಕೆ ತಾನು ಮಾಡುವ ಕೆಲಸ — ನೀನು ಕಲಿಸಿದ ಅರ್ಥ ಅವತ್ತು ನನಗೆ ಪೂರ್ತಿ ತಿಳಿಯಿತು.

ಅಲ್ಲಿಯ ತನಕ ನಾನು ಮಾಡಿದ್ದು ಹುಂಬತನ. ಅದರ ಮುಂದೆ ಮಾಡಿದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಸಿ.ಡಿ. ತೆಗೆದು ಸೀರೆಯ ಮಡಿಲಿಗೆ ಸೇರಿಸಿದೆ. ಮ್ಯಾಕ್ರೋ ಭದ್ರತೆಯ ಜಾಗಕ್ಕೆ ಹೋಗಿ ಕೆಳಗಿನದನ್ನು ಮತ್ತೆ ನಡುವಿನದಕ್ಕೆ ಏರಿಸಿದೆ. ಇದ್ದದ್ದು ಇದ್ದ ಹಾಗೇ ಇತ್ತು ಅಂತ ಕಾಣಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಆಮೇಲೆ ಶೆಡ್ಡಿಗೆ ಹೋಗಿ ಹಾಸಿನ ಎಳೆ ಕೂಡಿಸುವವರ ಸಾಲಿನಲ್ಲಿ ಕೂತೆ. ಸಂಜೆ ಕಾಕಾಗೆ, ದಡಿ ಫೈಲು ಯಾಕೋ ಕಾಣವಲ್ಲದು ಅಂತ ಹೇಳಿದೆ. ಕಾಣುತ್ತಿಲ್ಲವಂತೆ. ಹರಿಯಿತು ಅನ್ನದೆ ಕೂಡಿಸಬೇಕು ಅನ್ನುವ ಓಣಿಯಲ್ಲಿ ಬೆಳೆದವಳಿಗೆ ಇಂಥ ಮಾತು ಬೇಗ ಸಿಗುತ್ತದೆ.

ನೀನು ಕೈತುಂಬ ಮೆಹಂದಿ, ನಮಗೆಲ್ಲ ಒಂದೊಂದು ಪೊಟ್ಟಣ ಮದುವೆಯ ಸಿಹಿ ಹಿಡಿದುಕೊಂಡು ಬಂದೆ. ಖಬರ ಕೇಳಿದವಳು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಹುಡುಕಿದೆ, ಹುಡುಕುತ್ತ ಹೋದ ಹಾಗೆ ನಿನ್ನ ಮುಖದ ಬಣ್ಣ ಇಳಿಯುತ್ತ ಹೋಯಿತು. ಹಳೆಯ ನಕಲುಗಳು ಬಹಳ ಆದರೆ ತಾನಾಗಿ ಅಳಿಸಲಿ ಅಂತ ನೀನೇ ಒಂದು ಮ್ಯಾಕ್ರೋ ಬರೆದಿದ್ದೆ. ನಿನ್ನ ಸಂಶಯ ನೇರ ಅದರ ಮೇಲೆ ಹೋಯಿತು. ಸಂಘದ ಹಿರಿಯರೆಲ್ಲ ಸೇರಿದ್ದರು. ನೀನು ನನ್ನ ಕಡೆ ತಿರುಗಿ ಕೇಳಿದೆ.

"ಅಕ್ಕಾರ, ನಾ ಇಲ್ಲದಾಗ ಅದು ದಿನಾ ಕೇಳತಿತ್ತಲ್ಲ? ಯಾರದು ಅಂತ?"

"ಹೂಂ," ಅಂದೆ. "ಕೇಳತಿತ್ತು."

ನಿನಗೆ ಅಷ್ಟೇ ಸಾಕಾಯಿತು. ನನ್ನ ಮಾತನ್ನು ಎರಡನೆಯ ಸಲ ಕೇಳಲಿಲ್ಲ. ಎರಡು ಸಲ ಕೇಳಿದರೆ ನನಗೆ ಸಿಟ್ಟು ಬರುತ್ತದೆ ಅಂತಲೋ, ಅಥವಾ — ಅಲ್ಲ, ನೀನು ನಂಬಿದೆ ಅದಕ್ಕೆ. ನೀನೇ ಹಿರಿಯರ ಕಡೆ ತಿರುಗಿ, ಹೊರಗಿನದು ಬಂದಿದ್ದರ ಅದು ಕೇಳತಿತ್ತು, ಹಂಗಾದ್ರ ತಪ್ಪು ನನ್ನದ ಇರಬೇಕು ಅಂದುಬಿಟ್ಟೆ. ಕಾಕಾ ಆ ಮುಂಜಾನೆ ತಾವೇ ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿದ್ದನ್ನು ಹೇಳುತ್ತಾರೇನೋ ಅಂತ ಅವರ ಮುಖವನ್ನೇ ನೋಡುತ್ತಿದ್ದೆ. ಅವರಿಗೆ ಎರಡಕ್ಕೂ ಸಂಬಂಧವಿದೆ ಅನ್ನುವುದೇ ತಿಳಿದಿರಲಿಲ್ಲ. ತಿಳಿಸಬೇಕಾದವಳು ಅಲ್ಲೇ ಗೋಡೆಗೆ ಆತು ನಿಂತಿದ್ದಳು. ಕಾಕಾ ಬೇಸರದಿಂದ ಅಂದರು:

"ನಿನ್ನ ಮಿಷಿನ್ನ ದಿನಾ ಹೇಳತಿತ್ತವಾ, ಹಾನಿ ಆಗತೈತಿ ಅಂತ. ನಾವ ಕೇಳಲಿಲ್ಲ."

ಬಾಗಿಲು ಕಾಯುತ್ತಿದ್ದ ಆ ಮಾತನ್ನು ನಿನ್ನ ಮೇಲಿನ ಸಾಕ್ಷಿ ಮಾಡಿಬಿಟ್ಟರು. ನೀನು ಕಟ್ಟಿದ್ದೇ ಹಾನಿ ಮಾಡುವಂಥದ್ದು, ಯಂತ್ರವೇ ದಿನಾ ಎಚ್ಚರಿಸುತ್ತಿತ್ತು ಅಂತ ಹಿರಿಯರೆಲ್ಲ ತಲೆಯಾಡಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಬಹಳ ಹಿಂದೆ ತೆಗೆದಿಟ್ಟಿದ್ದ ಒಂದು ನಕಲು ನಿನ್ನ ಮನೆಯಲ್ಲಿತ್ತು, ಅದರಲ್ಲಿ ಅರ್ಧದಷ್ಟು ದಡಿಗಳು ಉಳಿದಿದ್ದವು. ಅದನ್ನು ನೀನು ತಂದು, ಆ ಅಳಿಸುವ ಮ್ಯಾಕ್ರೋವನ್ನು ಮತ್ತೆ ಮತ್ತೆ ಓಡಿಸಿ ನೋಡಿದೆ. ಪ್ರತಿ ಸಲವೂ ಹಳೆಯ ನಕಲನ್ನು ಮಾತ್ರ ಅಳಿಸಿ ಸುಮ್ಮನೆ ನಿಲ್ಲುತ್ತಿತ್ತು. ನಾನು ಪಕ್ಕದಲ್ಲೇ ಕೂತು ಚಹಾ ಕೊಡುತ್ತಿದ್ದೆ. ಒಂದು ದಿನ ನೀನು ಕೈ ಕಟ್ಟಿ ಕೂತುಬಿಟ್ಟೆ. "ಸರಿಯಾಗೇ ಮಾಡತೈತ್ರಿ ಅಕ್ಕಾರ," ಅಂದೆ. "ಅದ ನನಗ ಅಂಜಿಕಿ. ತಪ್ಪು ಕಂಡಿದ್ದರ ತಿದ್ದತಿದ್ದೆ." ಸರಿಯಾದ ಕೆಲಸವನ್ನು ನೋಡಿ ನೀನು ಹೆದರಿಕೊಳ್ಳುವ ಹಾಗೆ ಮಾಡಿದೆನಲ್ಲ. ಫೈಲು ಹೋದದ್ದಕ್ಕಿಂತ ಇದು ದೊಡ್ಡದು. ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಚಹಾದ ಜೊತೆ ನುಂಗಿದೆ.

ಹೋದ ಅರ್ಧವನ್ನು ಮತ್ತೆ ಹಾಕುತ್ತೇನೆ ಅಂತ ನೀನು ಅಂದರೂ ಹಿರಿಯರು ಒಪ್ಪಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು. ನಿನಗೆ ಯಾರೂ ಹೋಗು ಅನ್ನಲಿಲ್ಲ, ನೀನೇ ಹೋದೆ. ಹೋಗುವ ದಿನವೂ ನನಗೆ ಏನು ಹೇಳಿದೆ ಗೊತ್ತೇ? ಅಕ್ಕಾರ, ನೀವು ಕಲಿತದ್ದು ಬಿಡಬ್ಯಾಡ್ರಿ ಅಂದೆ. ನಾನು ಬಿಡಲಿಲ್ಲ. ಕೆಲವು ವರ್ಷದ ಮೇಲೆ ಹೊಸ ಕಂಪ್ಯೂಟರ್ ಬಂದಾಗ, ಸಂಘದಲ್ಲಿ ಅದನ್ನು ನಡೆಸಲು ಬರುವವಳು ನಾನೊಬ್ಬಳೇ ಆಗಿದ್ದೆ. ನಿನ್ನ ಕುರ್ಚಿಯಲ್ಲಿ ಕೂತೆ, ನಿವೃತ್ತಿಯ ತನಕ. ಹಾರ ಹಾಕಿ ಬೀಳ್ಕೊಟ್ಟರು.

ಗುಬ್ಬಿ ಹೆಜ್ಜೆಯ ದಡಿ ಉಳಿಯದ ಅರ್ಧದಲ್ಲಿತ್ತು. ಗೌರಮ್ಮಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅದನ್ನು ಈಗ ಯಾರೂ ನೇಯುವುದಿಲ್ಲ.

ಯಾಕೆ ಹೇಳಲಿಲ್ಲ ಅಂತ ನೀನು ಕೇಳಬಹುದು. ಕಂಡಿಕೆಗೆ ಮರಳಿ ಹೋಗಬೇಕಾಗುತ್ತದೆ ಅನ್ನುವ ಹೆದರಿಕೆ ಇತ್ತು. ಅದನ್ನು ಹೇಳಿದರೆ ನನ್ನ ಮೇಲೆ ನಿನಗೆ ಮರುಕ ಬರುತ್ತದೆ, ನಿನ್ನ ಗುಣ ನನಗೆ ಗೊತ್ತು. ಅದಕ್ಕೇ ಇನ್ನೊಂದನ್ನೂ ಹೇಳುತ್ತೇನೆ, ಮರುಕ ಬರದಿರಲಿ. ಎಲ್ಲರೂ ನಿನ್ನನ್ನು ಹೊಗಳುತ್ತಿದ್ದರು, ನಾನೂ ಬಾಯಿತುಂಬ ಹೊಗಳುತ್ತಿದ್ದೆ, ಆ ಹೊಗಳಿಕೆ ಖರೆಯೇ ಇತ್ತು — ಇವತ್ತಿಗೂ ಇದೆ, ನಿನ್ನಂಥ ಜಾಣೆಯನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನು ನೋಡಿಲ್ಲ. ಆದರೆ ಹಿರಿಯರು ನಿನ್ನ ತಪ್ಪು ಅಂದ ಕ್ಷಣ ನನ್ನೊಳಗೆ ಎಲ್ಲೋ ಒಂದು ಮೂಲೆ ತಣ್ಣಗಾಯಿತು. ಇವಳಿಗೂ ತಪ್ಪುತ್ತದೆ ಅಂತ. ತಪ್ಪಿದ್ದು ನೀನಲ್ಲ ಅಂತ ಗೊತ್ತಿದ್ದೂ, ರಜಿಯಾ.

ಕಾಕಾ ಹೋಗಿ ಬಹಳ ದಿನವಾಯಿತು. ತಾವು ಅಂದ ಮಾತೇ ಸರಿ ಅಂತ ನಂಬಿಕೊಂಡೇ ಹೋದರು. ಅವರನ್ನು ಸುಳ್ಳಿನಲ್ಲಿ ಕಳಿಸಿಕೊಟ್ಟವಳೂ ನಾನೇ.

ಬರುವ ಸೋಮವಾರ ಸಂಘದ ಶೆಡ್ಡಿನಲ್ಲಿ ಹೊಸ ಹಾಸು ಏರಿಸುತ್ತಾರೆ. ಈಗ ಮಗ್ಗಗಳು ಕಡಿಮೆ, ಆದರೂ ಓಣಿಯವರೆಲ್ಲ ಸೇರುತ್ತಾರೆ. ಕೆಟ್ಟ ಮಾತು ಆಡಬಾರದ ಆ ಮುಂಜಾನೆಯೇ ನಾನು ಎಲ್ಲರ ನಡುವೆ ನಿಂತು ಹೇಳುತ್ತೇನೆ. ಕೂಡಿಸಬೇಕು ಅಂತಲ್ಲ, ಹರಿಯಿತು ಅಂತ. ಹರಿದವಳು ನಾನು ಅಂತ. ಅವರು ಉಗಿಯಲಿ, ಹಾಕಿದ ಹಾರ ತಿರುಗಿ ಕೇಳಲಿ, ಬಾಗಿಲು ತೋರಿಸಲಿ.

ಅದಕ್ಕೂ ಮೊದಲು ನಾಳೆ ಶಿರಹಟ್ಟಿಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕಿ ಮನೆಯಲ್ಲಿ ಕೂತುಕೊಳ್ಳುವ ಜಾತಿಯವಳು ನಾನು, ಆದ್ದರಿಂದ ನಾನೇ ತರುತ್ತೇನೆ. ನಿನ್ನ ದೊಡ್ಡ ಬಾಯಾರ ಮುಂದೆಯೂ ಹೇಳುತ್ತೇನೆ, ನಿನ್ನ ಕೈ ಸರಿಯಿತ್ತು, ಯಾವಾಗಲೂ ಸರಿಯಿತ್ತು ಅಂತ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ಅದು ನನಗೆ ಸುಲಭವಾಗಿಬಿಡುತ್ತದೆ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಆಮೇಲೆ ಒಂದೇ ಒಂದು ಸಲ, ಕಚೇರಿಯ ಆ ಕಡೆಯಿಂದ ಕೂಗು ಹಾಕುತ್ತಿದ್ದೆಯಲ್ಲ, ಅದೇ ದನಿಯಲ್ಲಿ ಕೇಳು. ಯಾರದು ಅಂತ.

ನನ್ನದ, ರಜಿಯಾ.